ದಾರಿ ಕೇಳಲು ಬಂದವರೇ ಬೇಡ ಎಂದರು: ಯೆರೆಮೀಯನ ಹತ್ತು ದಿನಗಳು

ಯೆರೂಸಲೇಮ್ ಬಾಬಿಲೋನಿನವರ ಕೈಗೆ ಬಿದ್ದಾಗಿದೆ. ಕ್ರಿ.ಪೂ. 586ರ ಆಸುಪಾಸು. ಬೇತ್ಲೆಹೇಮಿನ ಹತ್ತಿರ, ಈಜಿಪ್ಟಿಗೆ ಹೋಗುವ ದಾರಿಯಲ್ಲಿ ಒಂದು ಗುಂಪು ಬೀಡುಬಿಟ್ಟಿದೆ. ಅದರಲ್ಲಿ ಸೈನಿಕರಿದ್ದಾರೆ, ಹೆಂಗಸರು ಮಕ್ಕಳಿದ್ದಾರೆ, ಅರಮನೆಯ ಆಳುಗಳಿದ್ದಾರೆ, ರಾಜನ ಹೆಣ್ಣುಮಕ್ಕಳೂ ಇದ್ದಾರೆ. ಎಲ್ಲರೂ ಸೇರಿ ಪ್ರವಾದಿ ಯೆರೆಮೀಯನ ಬಳಿ ಬರುತ್ತಾರೆ. ನಮಗಾಗಿ ದೇವರನ್ನು ಬೇಡಿಕೋ, ನಾವು ಯಾವ ದಾರಿ ಹಿಡಿಯಬೇಕು ಎಂದು ಆತ ತಿಳಿಸಲಿ ಅನ್ನುತ್ತಾರೆ. ಉತ್ತರ ಹಿತವಾಗಿರಲಿ, ಕಹಿಯಾಗಿರಲಿ, ಅದರಂತೆ ನಡೆಯುತ್ತೇವೆ ಎಂದು ದೇವರನ್ನೇ ಸಾಕ್ಷಿ ಇಟ್ಟು ಮಾತು ಕೊಡುತ್ತಾರೆ.

ಹತ್ತು ದಿನ ಆದ ಮೇಲೆ ಉತ್ತರ ಬಂತು. ಅವರು ಅದನ್ನು ತಳ್ಳಿಹಾಕಿದರು. ತಂದುಕೊಟ್ಟವನನ್ನು ಸುಳ್ಳುಗಾರ ಎಂದರು.

ಹೀಬ್ರೂ ಪ್ರವಾದಿಗಳ ಪುಸ್ತಕಗಳಲ್ಲಿ ಇಂಥ ತಿರಸ್ಕಾರಕ್ಕೆ ಕೊರತೆ ಇಲ್ಲ. ಆಮೋಸನಿಗೆ ನಿನ್ನ ಊರಿಗೆ ಹೋಗಿ ಅಲ್ಲೇ ಹೊಟ್ಟೆ ಹೊರೆದುಕೋ ಎಂದು ಬೇತೇಲಿನ ಯಾಜಕ ಹೇಳಿದ. ಯೆರೆಮೀಯನ ಮಾತು ಬರೆದ ಸುರುಳಿಯನ್ನು ಯೆಹೋಯಾಕೀಮ ರಾಜ ಚೂರು ಚೂರು ಕತ್ತರಿಸಿ ಬೆಂಕಿಗೆ ಹಾಕಿದ. ಜೆಕರ್ಯನ ಪುಸ್ತಕದ 11ನೇ ಅಧ್ಯಾಯದಲ್ಲಿ ಮಂದೆ ಕಾಯ್ದ ಕುರುಬನಿಗೆ 30 ಬೆಳ್ಳಿ ತೂಕ ಹಾಕಿ ಕಳಿಸುತ್ತಾರೆ. ಎತ್ತು ಹಾಯ್ದು ಗುಲಾಮ ಸತ್ತರೆ ಅವನ ಒಡೆಯನಿಗೆ ಕೊಡಬೇಕಾದ ಬೆಲೆ ಅದು. ಆದರೆ ಇವರು ಯಾರೂ ಸಲಹೆ ಕೇಳಿಕೊಂಡು ಬಂದವರಲ್ಲ. ಬೇತ್ಲೆಹೇಮಿನ ಬಳಿ ನಡೆದದ್ದು ಬೇರೆ. ಇಲ್ಲಿ ಜನ ತಾವಾಗಿಯೇ ಬಂದರು, ಬೇಡಿಕೊಂಡರು, ಆಣೆ ಇಟ್ಟರು. ಹಾಗಾಗಿ ನಾನು ಈ ಪ್ರಕರಣವನ್ನೇ ಆರಿಸಿಕೊಂಡೆ. ಯೆರೆಮೀಯನ ಪುಸ್ತಕದ 40ರಿಂದ 44ರವರೆಗಿನ ಅಧ್ಯಾಯಗಳಲ್ಲಿ ಇದು ಇದೆ.

ಒಂದು ವಿಷಯ ಮೊದಲೇ ಹೇಳುತ್ತೇನೆ. ಈ ಜನರನ್ನು ಕೆಟ್ಟವರು, ಹಟಮಾರಿಗಳು ಎಂದು ಬದಿಗಿಟ್ಟರೆ ಪ್ರಕರಣ ಅರ್ಥವಾಗುವುದಿಲ್ಲ. ಅವರ ಭಯಕ್ಕೆ ಕಾರಣ ಇತ್ತು.

ಉಳಿದವರು ಯಾರು

ಕೋಟೆ ಒಡೆದ ಸುಮಾರು ಒಂದು ತಿಂಗಳಿಗೆ ಬಾಬಿಲೋನಿನ ಸೇನಾಧಿಕಾರಿ ನೆಬೂಜರದಾನ ಬಂದು ದೇವಾಲಯ, ಅರಮನೆ, ಮನೆಗಳನ್ನು ಸುಟ್ಟ. ರಾಜ ಚಿದ್ಕೀಯನ ಕಣ್ಣೆದುರೇ ಅವನ ಮಕ್ಕಳನ್ನು ಕೊಂದರು, ಆಮೇಲೆ ಅವನ ಕಣ್ಣು ಕಿತ್ತರು. ಊರಿನ ಮುಖ್ಯರನ್ನು ಸೆರೆ ಒಯ್ದರು. ಏನೂ ಇಲ್ಲದ ಬಡವರನ್ನು ಮಾತ್ರ ಬಿಟ್ಟು, ಅವರಿಗೆ ದ್ರಾಕ್ಷಿತೋಟ, ಹೊಲ ಕೊಟ್ಟರು. ಅವರ ಮೇಲ್ವಿಚಾರಣೆಗೆ ಗೆದಲ್ಯ ಎಂಬುವನನ್ನು ನೇಮಿಸಿದರು.

ಗೆದಲ್ಯನ ಮನೆತನ ತಿಳಿದರೆ ಮುಂದಿನದು ಸುಲಭ. ಅವನ ತಾತ ಶಾಫಾನ. ಯೋಷೀಯ ರಾಜನ ಕಾಲದಲ್ಲಿ, ಕ್ರಿ.ಪೂ. 622ರ ಹೊತ್ತಿಗೆ, ದೇವಾಲಯದಲ್ಲಿ ಸಿಕ್ಕಿದ ಧರ್ಮಶಾಸ್ತ್ರದ ಸುರುಳಿಯನ್ನು ರಾಜನಿಗೆ ಓದಿ ಹೇಳಿದ ಲೇಖಕ ಅವನೇ. ಗೆದಲ್ಯನ ತಂದೆ ಅಹೀಕಾಮ. ದೇವಾಲಯದ ಅಂಗಳದಲ್ಲಿ ಮಾತಾಡಿದ್ದಕ್ಕೆ ಯೆರೆಮೀಯನನ್ನು ಕೊಲ್ಲಬೇಕೆಂದು ಜನ ಎದ್ದಾಗ ಅಡ್ಡ ನಿಂತವನು ಈ ಅಹೀಕಾಮ. ಚಿಕ್ಕಪ್ಪ ಗೆಮರ್ಯನ ಕೊಠಡಿಯಲ್ಲೇ ಯೆರೆಮೀಯನ ಬರಹಗಾರ ಬಾರೂಕ ಅವನ ಸುರುಳಿ ಓದಿದ್ದು. ರಾಜ ಅದನ್ನು ಸುಡುವಾಗ ಬೇಡ ಎಂದು ಬೇಡಿಕೊಂಡವರಲ್ಲಿ ಗೆಮರ್ಯನೂ ಒಬ್ಬ. ಮೂರು ತಲೆಮಾರಿನಿಂದ ಈ ಮನೆಯವರು ಪ್ರವಾದಿಯ ಮಾತಿಗೆ ಬೆಲೆ ಕೊಟ್ಟವರು.

ಯೆರೆಮೀಯನಿಗೂ ಒಂದು ಆಯ್ಕೆ ಸಿಕ್ಕಿತು. ರಾಮಾ ಎಂಬಲ್ಲಿ ನೆಬೂಜರದಾನ ಅವನ ಸಂಕೋಲೆ ಬಿಚ್ಚಿಸಿ, ನನ್ನ ಜೊತೆ ಬಾಬಿಲೋನಿಗೆ ಬಾ, ನಿನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತೇನೆ ಎಂದ. ಬೇಡವಾದರೆ ಎಲ್ಲಿ ಬೇಕಾದರೂ ಇರು ಎಂದ. ಯೆರೆಮೀಯ ಆಗ ಮುದುಕ. ಪ್ರವಾದಿಯಾಗಿ 40 ವರ್ಷ ಕಳೆದಿತ್ತು. ಮುತ್ತಿಗೆಯ ಕಾಲದಲ್ಲಿ ಕೆಸರಿನ ಬಾವಿಗೆ ಇಳಿಸಿ ಸಾಯಲು ಬಿಟ್ಟಿದ್ದ ಊರಿನವರ ಮಧ್ಯೆಯೇ ಇರಬೇಕಾದ ಹಂಗು ಅವನಿಗಿರಲಿಲ್ಲ. ಆದರೂ ಅವನು ಉಳಿದ ಬಡವರ ಜೊತೆ ಇರಲು ಗೆದಲ್ಯನ ಬಳಿಗೆ ಹೋದ. ಹೋಗುವಾಗ ಬಾಬಿಲೋನಿನ ಅಧಿಕಾರಿ ಕೊಟ್ಟ ದಿನಸಿ ಮತ್ತು ಉಡುಗೊರೆ ಕೈಯಲ್ಲಿತ್ತು. ಈ ಉಡುಗೊರೆಯನ್ನು ನೆನಪಿಡಿ.

ಮಿಚ್ಪದ ಒಂದು ಬೇಸಿಗೆ

ಗೆದಲ್ಯ ಮಿಚ್ಪದಲ್ಲಿ ಕುಳಿತು ಕೆಲಸ ಶುರು ಮಾಡಿದ. ಯೆರೂಸಲೇಮಿನಿಂದ ಉತ್ತರಕ್ಕೆ ಸುಮಾರು 12 ಕಿಲೋಮೀಟರ್ ದೂರದ ತೆಲ್ ಎನ್-ನಸ್ಬೆ ದಿಬ್ಬವೇ ಮಿಚ್ಪ ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. 1926ರಿಂದ 1935ರವರೆಗೆ ಅಲ್ಲಿ ಅಗೆದರು. ಯೆರೂಸಲೇಮಿನ ಹಾಗೆ ಈ ಊರು ಸುಟ್ಟುಹೋಗಿರಲಿಲ್ಲ. 1932ರಲ್ಲಿ ಅಲ್ಲಿನ ಸಮಾಧಿಯೊಂದರಲ್ಲಿ ಒಂದು ಮುದ್ರೆ ಸಿಕ್ಕಿತು. ಅದರ ಮೇಲೆ ಕಾದಾಡುವ ಹುಂಜದ ಚಿತ್ರ, ಜೊತೆಗೆ ‘ರಾಜನ ಸೇವಕ ಯಾಜನ್ಯ’ ಎಂಬ ಹೆಸರು. ಗೆದಲ್ಯನ ಬಳಿ ಬಂದ ಸೇನಾಪತಿಗಳ ಪಟ್ಟಿಯಲ್ಲಿ ಇದೇ ಹೆಸರಿನವನು ಒಬ್ಬನಿದ್ದಾನೆ. ಇಬ್ಬರೂ ಒಬ್ಬನೇ ಎಂದು ಸಾಬೀತು ಮಾಡಲು ಆಗುವುದಿಲ್ಲ. ಆದರೆ ಕಥೆ ನಡೆದ ನೆಲ ಕಣ್ಣಿಗೆ ಕಾಣುವಂಥದ್ದು.

ಕಾಡುಮೇಡುಗಳಲ್ಲಿ ಅಡಗಿದ್ದ ಸೇನಾಪತಿಗಳು ಬಂದಾಗ ಗೆದಲ್ಯ ಹೇಳಿದ್ದು ಇಷ್ಟೆ. ಬಾಬಿಲೋನಿನವರಿಗೆ ಅಧೀನರಾಗಿರಲು ಹೆದರಬೇಡಿ. ನೆಲ ಬಿಟ್ಟು ಹೋಗಬೇಡಿ. ಅವರ ಎದುರು ನಿಮ್ಮ ಪರವಾಗಿ ನಾನು ನಿಲ್ಲುತ್ತೇನೆ. ನೀವು ದ್ರಾಕ್ಷಿ, ಹಣ್ಣು, ಎಣ್ಣೆ ಕೂಡಿಡಿ. ಈ ಸುದ್ದಿ ಹರಡಿ ನೆರೆನಾಡುಗಳಾದ ಮೋವಾಬ್, ಅಮ್ಮೋನ್, ಎದೋಮಿಗೆ ಓಡಿಹೋಗಿದ್ದವರೂ ವಾಪಸ್ ಬಂದರು. ಆ ಸಲ ದ್ರಾಕ್ಷಾರಸ, ಹಣ್ಣು ಬಹಳ ಜಾಸ್ತಿ ಸಿಕ್ಕಿತು ಎಂದು ಪುಸ್ತಕ ಹೇಳುತ್ತದೆ. ಇಷ್ಟು ವರ್ಷಗಳ ಹಸಿವು, ಮುತ್ತಿಗೆ, ಬೆಂಕಿಯ ಪುಟಗಳನ್ನು ದಾಟಿ ಬಂದವರಿಗೆ ಈ ಒಂದು ಸಾಲು ಎಷ್ಟು ಹಿತ ಅನಿಸುತ್ತದೆ, ಅಲ್ವಾ?

ಆಗ ಯೋಹಾನಾನ ಎಂಬ ಸೇನಾಪತಿ ಒಂದು ಎಚ್ಚರಿಕೆ ತಂದ. ಅಮ್ಮೋನಿನ ರಾಜ ಬಾಲೀಸ ನಿನ್ನನ್ನು ಕೊಲ್ಲಲು ಇಷ್ಮಾಯೇಲನನ್ನು ಕಳಿಸಿದ್ದಾನೆ ಎಂದ. ಇಷ್ಮಾಯೇಲ ರಾಜವಂಶದವನು. ಗೆದಲ್ಯ ನಂಬಲಿಲ್ಲ. ಯೋಹಾನಾನ ಗುಟ್ಟಾಗಿ ಮತ್ತೆ ಬಂದ. ಅಪ್ಪಣೆ ಕೊಡು, ಯಾರಿಗೂ ತಿಳಿಯದ ಹಾಗೆ ನಾನೇ ಅವನನ್ನು ಮುಗಿಸುತ್ತೇನೆ, ನೀನು ಸತ್ತರೆ ಇಲ್ಲಿ ಕೂಡಿರುವವರೆಲ್ಲ ಚೆದರಿಹೋಗುತ್ತಾರೆ ಎಂದ. ಗೆದಲ್ಯ ಒಪ್ಪಲಿಲ್ಲ. ಇಷ್ಮಾಯೇಲನ ಬಗ್ಗೆ ನೀನು ಹೇಳುವುದು ಸುಳ್ಳು ಎಂದುಬಿಟ್ಟ.

ಸುಳ್ಳಾಗಿರಲಿಲ್ಲ. ಏಳನೇ ತಿಂಗಳಲ್ಲಿ ಇಷ್ಮಾಯೇಲ ಹತ್ತು ಜನರೊಂದಿಗೆ ಮಿಚ್ಪಕ್ಕೆ ಬಂದ. ಗೆದಲ್ಯನ ಜೊತೆ ಊಟಕ್ಕೆ ಕುಳಿತ. ಊಟದ ನಡುವೆಯೇ ಎದ್ದು ಅವನನ್ನು ಕೊಂದ. ಅಲ್ಲಿದ್ದ ಬಾಬಿಲೋನಿನ ಸೈನಿಕರನ್ನೂ ಬಿಡಲಿಲ್ಲ. ಮರುದಿನ ಗಡ್ಡ ಬೋಳಿಸಿಕೊಂಡು, ಬಟ್ಟೆ ಹರಿದುಕೊಂಡು, ಕಾಣಿಕೆ ಹಿಡಿದು ದೇವರ ಆಲಯಕ್ಕೆಂದು ಉತ್ತರದಿಂದ 80 ಯಾತ್ರಿಕರು ಬಂದರು. ಇಷ್ಮಾಯೇಲ ಅಳುತ್ತಾ ಅವರನ್ನು ಎದುರುಗೊಂಡ. ಒಳಗೆ ಕರೆದು ಕಡಿದು ಬಾವಿಗೆ ಎಸೆದ. ಹೊಲದಲ್ಲಿ ಗೋಧಿ, ಎಣ್ಣೆ, ಜೇನು ಬಚ್ಚಿಟ್ಟಿದ್ದೇವೆ ಎಂದ ಹತ್ತು ಮಂದಿ ಮಾತ್ರ ಉಳಿದರು. ಊರಲ್ಲಿ ಉಳಿದವರನ್ನೆಲ್ಲ ಸೆರೆ ಹಿಡಿದು ಅಮ್ಮೋನಿನ ಕಡೆ ಹೊರಟ. ಗಿಬ್ಯೋನಿನ ದೊಡ್ಡ ಕೊಳದ ಬಳಿ ಯೋಹಾನಾನ ಅಡ್ಡಗಟ್ಟಿದ. ಜನ ಬಿಡುಗಡೆಯಾದರು. ಇಷ್ಮಾಯೇಲ ಎಂಟು ಜನರ ಜೊತೆ ತಪ್ಪಿಸಿಕೊಂಡ.

ಯೋಹಾನಾನನ ಜಾಗದಲ್ಲಿ ನಿಂತು ನೋಡಿ. ಅವನು ನಿಜ ಹೇಳಿದ್ದ, ಸುಳ್ಳುಗಾರ ಅನ್ನಿಸಿಕೊಂಡ. ಅವನು ಹೇಳಿದಂತೆಯೇ ಆಯಿತು. ಬಾಬಿಲೋನಿನ ಸೈನಿಕರ ಹೆಣ ಮಿಚ್ಪದಲ್ಲಿ ಬಿದ್ದಿದೆ. ಬಾಬಿಲೋನಿನ ರಾಜ ನೆಬೂಕದ್ನೆಚ್ಚರ ಇದಕ್ಕೆ ಯಾರ ತಲೆ ಕೇಳುತ್ತಾನೆ? ಜನರನ್ನು ಉಳಿಸಿದವನು ತಾನು. ಈಗ ಅವರ ಜೀವದ ಹೊಣೆಯೂ ತನ್ನದೇ. ಈ ಲೆಕ್ಕದಲ್ಲಿ ಅವನು ಎಲ್ಲರನ್ನೂ ಕರೆದುಕೊಂಡು ದಕ್ಷಿಣಕ್ಕೆ ಹೊರಟ. ಬೇತ್ಲೆಹೇಮಿನ ಬಳಿ ತಂಗಿದ.

ಹತ್ತು ದಿನ

ಪ್ರಕರಣದ ಗಂಟು ಇಲ್ಲಿದೆ. ಯೆರೆಮೀಯನನ್ನು ಕೇಳುವ ಮೊದಲೇ ಪುಸ್ತಕ ಒಂದು ಮಾತು ಹೇಳಿಬಿಟ್ಟಿದೆ. ಅವರು ಬೇತ್ಲೆಹೇಮಿನ ಬಳಿ ತಂಗಿದ್ದು ಈಜಿಪ್ಟಿಗೆ ಹೋಗಬೇಕೆಂದೇ. ದಾರಿ ಹಿಡಿದಾಗಿತ್ತು, ಅರ್ಧ ಮನಸ್ಸು ಆಗಲೇ ಗಡಿ ದಾಟಿತ್ತು. ನಿಶ್ಚಿತಾರ್ಥ ಮುಗಿಸಿ ಛತ್ರಕ್ಕೆ ಮುಂಗಡ ಕೊಟ್ಟ ಮೇಲೆ ಜಾತಕ ತೋರಿಸಲು ಹೋಗುತ್ತಾರಲ್ಲ, ಹಾಗಿತ್ತು ಅವರ ಕೇಳಿಕೆ. ಅವರು ಬೇಕೆಂದೇ ನಾಟಕ ಆಡಿದರು ಎಂದು ನನಗೆ ಅನಿಸುವುದಿಲ್ಲ. ಹೆದರಿದವರಿಗೆ ತಾವು ಹೊರಟ ದಾರಿಯೇ ಸರಿ ಎಂದು ಯಾರಾದರೂ ಹೇಳಿದರೆ ಸಾಕಾಗಿರುತ್ತದೆ. ಅವರ ಆಣೆ ಆ ಕ್ಷಣಕ್ಕೆ ನಿಜವೇ ಇದ್ದಿರಬೇಕು.

ಯೆರೆಮೀಯನ ಮಟ್ಟಿಗೆ ಉತ್ತರ ಹೇಳುವುದು ಕಷ್ಟವಿರಲಿಲ್ಲ. ಬಾಬಿಲೋನಿಗೆ ತಲೆಬಾಗಿ, ಬದುಕಿ ಎಂದು ಅವನು ವರ್ಷಗಳಿಂದ ಹೇಳುತ್ತಲೇ ಇದ್ದ. ನಿಂತ ನಿಲುವಿನಲ್ಲೇ ಅದನ್ನು ಮತ್ತೆ ಹೇಳಬಹುದಿತ್ತು. ಅವನು ಹೇಳಲಿಲ್ಲ. ಬೇಡುತ್ತೇನೆ, ಬಂದ ಉತ್ತರದಲ್ಲಿ ಏನನ್ನೂ ಮುಚ್ಚಿಡುವುದಿಲ್ಲ ಎಂದಷ್ಟೇ ಮಾತು ಕೊಟ್ಟ. ಆಮೇಲೆ ಕಾದ.

ಇದು ಅವನ ಹಳೆಯ ಕ್ರಮ. ಕ್ರಿ.ಪೂ. 594ರ ಸುಮಾರಿಗೆ ಹನನ್ಯ ಎಂಬ ಪ್ರವಾದಿ, ಎರಡೇ ವರ್ಷದಲ್ಲಿ ಬಾಬಿಲೋನಿನ ನೊಗ ಮುರಿಯುತ್ತದೆ ಎಂದು ಎಲ್ಲರ ಎದುರು ಸಾರಿದ. ಯೆರೆಮೀಯನ ಕುತ್ತಿಗೆಯ ಮೇಲಿದ್ದ ಮರದ ನೊಗವನ್ನು ಕಿತ್ತು ಮುರಿದ. ಯೆರೆಮೀಯ ಆಗಲೂ ಅವಸರದಿಂದ ತಿರುಗಿ ಬೀಳಲಿಲ್ಲ. ಹಾಗೇ ಆಗಲಿ ಎಂಬುದೇ ತನ್ನ ಆಸೆಯೂ ಹೌದು ಎಂದ. ನೊಗ ಮುರಿದ ಮೇಲೆ ಸುಮ್ಮನೆ ಎದ್ದು ಹೋದ. ದೇವರ ಮಾತು ಬಂದ ಮೇಲೆಯೇ ವಾಪಸ್ ಬಂದು ಉತ್ತರ ಕೊಟ್ಟ. ತನ್ನ ಅಭಿಪ್ರಾಯ ಎಷ್ಟೇ ಗಟ್ಟಿಯಾಗಿದ್ದರೂ ಅದನ್ನೇ ದೇವರ ಮಾತು ಎಂದು ಹಂಚಲು ಅವನು ಒಪ್ಪುತ್ತಿರಲಿಲ್ಲ. ನಂಬಿಗಸ್ತ ನಾಯಕ ಅನ್ನುವಾಗ ನನ್ನ ಕಣ್ಣಿಗೆ ಮೊದಲು ಬರುವುದು ಈ ಗುಣ. ಧೈರ್ಯ ಎರಡನೆಯದು.

ಆದರೆ ಆ ಹತ್ತು ದಿನ ಹೆದರಿದ ಜನರಿಗೆ ಹೇಗಿದ್ದಿರಬೇಕು? ಉತ್ತರ ದಿಕ್ಕಿನಿಂದ ಬಾಬಿಲೋನಿನ ಕುದುರೆಗಳು ಯಾವತ್ತು ಬೇಕಾದರೂ ಬರಬಹುದು. ಮಕ್ಕಳು ಮರಿ ಬಯಲಲ್ಲಿ ಇದ್ದಾರೆ. ಪ್ರವಾದಿ ತುಟಿ ಬಿಚ್ಚುತ್ತಿಲ್ಲ. ಅವನ ಪ್ರಾಮಾಣಿಕತೆಗೆ ಬೇಕಾದ ಸಮಯ ಅವರ ಭಯಕ್ಕೂ ಬಲಿಯಲು ಸಮಯ ಕೊಟ್ಟಿತು ಎಂದೇ ನಾನು ಓದುತ್ತೇನೆ.

ಸತ್ತವನ ಮಾತೇ ಮತ್ತೆ

ಉತ್ತರ ಹೀಗಿತ್ತು. ಈ ನೆಲದಲ್ಲೇ ಉಳಿದರೆ ನಿಮ್ಮನ್ನು ಕಟ್ಟುತ್ತೇನೆ, ಕೆಡವುವುದಿಲ್ಲ. ನೆಡುತ್ತೇನೆ, ಕೀಳುವುದಿಲ್ಲ. ಬಾಬಿಲೋನಿನ ರಾಜನಿಗೆ ಹೆದರಬೇಡಿ. ಯುದ್ಧ ಕಾಣದ, ತುತ್ತೂರಿ ಕೇಳದ, ಹಸಿವು ಇಲ್ಲದ ಜಾಗ ಎಂದುಕೊಂಡು ಈಜಿಪ್ಟಿಗೆ ಹೋದರೆ, ನೀವು ಹೆದರುವ ಕತ್ತಿಯೇ ಅಲ್ಲಿಗೂ ಬರುತ್ತದೆ.

ಕಟ್ಟುವುದು, ನೆಡುವುದು. ಯೆರೆಮೀಯ ಹುಡುಗನಾಗಿದ್ದಾಗ ದೇವರು ಅವನಿಗೆ ಒಪ್ಪಿಸಿದ ಕೆಲಸದಲ್ಲಿ ಕೀಳುವುದು, ಕೆಡವುವುದು ಮೊದಲಿದ್ದವು. ಕಟ್ಟುವುದು, ನೆಡುವುದು ಕೊನೆಯಲ್ಲಿದ್ದವು. ಅವನ ಬದುಕಿನ ಹೆಚ್ಚಿನ ಭಾಗ ಮೊದಲನೆಯದರಲ್ಲೇ ಹೋಯಿತು. ಈಗ ಊರಲ್ಲಿ ಉಳಿದವರಿಗೆ, ಬಡವರಿಗೆ, ಇಲ್ಲೇ ಈ ಮಣ್ಣಿನಲ್ಲಿ ಎರಡನೆಯದನ್ನು ಹೇಳುವ ಹೊತ್ತು ಬಂದಿತ್ತು. ಮುತ್ತಿಗೆ ನಡೆಯುತ್ತಿದ್ದಾಗಲೇ ಅವನು 17 ಶೆಕೆಲ್ ಬೆಳ್ಳಿ ತೂಗಿ ತನ್ನ ಊರಾದ ಅನಾತೋತಿನಲ್ಲಿ ಹೊಲ ಕೊಂಡಿದ್ದ. ಆ ಹೊಲದಲ್ಲಿ ಮತ್ತೆ ಬಿತ್ತನೆ ಆಗುವ ದಾರಿ ಈ ಉತ್ತರದಲ್ಲಿತ್ತು.

ಜನರಿಗೆ ಕೇಳಿಸಿದ್ದು ಮಾತ್ರ ಬೇರೆ. ಹೆದರಬೇಡಿ, ನೆಲದಲ್ಲೇ ಇರಿ, ಬಾಬಿಲೋನಿನವರಿಂದ ಏನೂ ಆಗುವುದಿಲ್ಲ. ಇದು ಗೆದಲ್ಯ ಮಿಚ್ಪದಲ್ಲಿ ಹೇಳಿದ ಮಾತೇ ತಾನೇ? ಅದನ್ನು ನಂಬಿ ಅವರು ಹಣ್ಣು ಕೂಡಿಟ್ಟರು. ಹೇಳಿದವನು ಊಟದ ನಡುವೆ ಕೊಲೆಯಾದ. ನಂಬಿದವರು ಸೆರೆಯಾಗಿ ಗಿಬ್ಯೋನಿನ ತನಕ ನಡೆದರು. ಯೆರೆಮೀಯ ದೇವರ ಮಾತು ತಂದ. ಅವರ ಕಿವಿಗೆ ಅದು ಸತ್ತವನ ಮಾತಾಗಿ ಬಿತ್ತು.

ಗೆದಲ್ಯನನ್ನು ಕೊಂದದ್ದು ಬಾಬಿಲೋನಿನವರಲ್ಲ, ಅವರದೇ ರಾಜವಂಶದವನು. ಅಂದರೆ ಗೆದಲ್ಯನ ಲೆಕ್ಕ ತಪ್ಪಿದ್ದು ಬಾಬಿಲೋನಿನ ವಿಷಯದಲ್ಲಿ ಅಲ್ಲ, ಇಷ್ಮಾಯೇಲನ ವಿಷಯದಲ್ಲಿ. ಭಯದಲ್ಲಿರುವವರು ಇಷ್ಟು ಬಿಡಿಸಿ ನೋಡುವುದಿಲ್ಲ. ಒಮ್ಮೆ ನಂಬಿ ಕೆಟ್ಟೆವು, ಮತ್ತೆ ಬೇಡ ಎಂಬುದಷ್ಟೇ ಉಳಿಯುತ್ತದೆ. ಯೆರೆಮೀಯನಿಗೂ ಇದು ಅವರ ಮುಖದಲ್ಲೇ ಕಂಡಿರಬೇಕು. ಅವರು ಬಾಯಿ ಬಿಡುವ ಮೊದಲೇ, ನೀವು ಕೇಳುವುದಿಲ್ಲ ಎಂದು ಅದೇ ಮಾತಿನ ಕೊನೆಯಲ್ಲಿ ಹೇಳಿಬಿಡುತ್ತಾನೆ.

ಉತ್ತರ ಕೇಳಿ ಅಜರ್ಯ, ಯೋಹಾನಾನ ಮತ್ತು ಸೊಕ್ಕಿನವರೆಲ್ಲ ಎದ್ದು ನಿಂತರು. ನೀನು ಸುಳ್ಳು ಹೇಳುತ್ತಿದ್ದೀಯ, ದೇವರು ನಿನ್ನನ್ನು ಕಳಿಸಿಲ್ಲ ಎಂದರು. ಗೆದಲ್ಯ ಯೋಹಾನಾನನಿಗೆ ಹೇಳಿದ್ದನ್ನು ಈಗ ಯೋಹಾನಾನ ಯೆರೆಮೀಯನಿಗೆ ಹೇಳಿದ. ಜೊತೆಗೆ ಒಂದು ಆರೋಪವನ್ನೂ ಸೇರಿಸಿದರು. ಬಾರೂಕ ನಿನ್ನನ್ನು ಎತ್ತಿಕಟ್ಟುತ್ತಿದ್ದಾನೆ, ನಮ್ಮನ್ನು ಬಾಬಿಲೋನಿನವರ ಕೈಗೆ ಕೊಡಿಸುವುದೇ ಅವನ ಉದ್ದೇಶ ಎಂದರು. ಪ್ರವಾದಿಯನ್ನು ನೇರವಾಗಿ ದ್ರೋಹಿ ಎನ್ನಲು ನಾಲಿಗೆ ಏಳಲಿಲ್ಲವೋ ಏನೋ. ಬರಹಗಾರನ ಮೇಲೆ ಹಾಕಿದರು.

ಈ ಸಂಶಯಕ್ಕೂ ಬೇರು ಇತ್ತು. ಮುತ್ತಿಗೆ ಸಡಿಲವಾದಾಗ ಯೆರೆಮೀಯ ಬೆನ್ಯಾಮೀನ್ ಸೀಮೆಯ ಕಡೆ ಹೊರಟಿದ್ದಕ್ಕೆ, ಶತ್ರುಗಳ ಕಡೆ ಓಡುತ್ತಿದ್ದಾನೆ ಎಂದು ಊರಬಾಗಿಲಲ್ಲೇ ಹಿಡಿದಿದ್ದರು. ಊರು ಸುಟ್ಟುಹೋದಾಗ ಅವನ ಸಂಕೋಲೆ ಬಿಚ್ಚಿದ್ದು ಶತ್ರುವಿನ ಅಧಿಕಾರಿ. ಉಡುಗೊರೆ ಕೊಟ್ಟಿದ್ದೂ ಅವನೇ. ಬಾಬಿಲೋನಿಗೆ ಬಾ ಎಂಬ ಕರೆಯನ್ನು ಯೆರೆಮೀಯ ಬಿಟ್ಟುಕೊಟ್ಟದ್ದು ಜನಕ್ಕೆ ಕಾಣಲಿಲ್ಲ. ದಿನಸಿಯ ಗಂಟು ಕಂಡಿತು.

ಈಜಿಪ್ಟಿನ ಬಗ್ಗೆ ಅವರಿಗಿದ್ದ ನಂಬಿಕೆ ಮಾತ್ರ ನನಗೆ ಅರ್ಥವಾಗುವುದು ಕಷ್ಟ. ಕ್ರಿ.ಪೂ. 609ರಲ್ಲಿ ಯೋಷೀಯನನ್ನು ಕೊಂದವನು ಈಜಿಪ್ಟಿನ ದೊರೆ. ಯೋಷೀಯನ ಮಗನನ್ನು ಹಿಡಿದು ಒಯ್ದದ್ದೂ ಆ ದೊರೆಯೇ. ಊರೀಯ ಎಂಬ ಪ್ರವಾದಿ ಈಜಿಪ್ಟಿಗೆ ಓಡಿಹೋದಾಗ ಅಲ್ಲಿಂದ ಎಳೆತಂದು ಕೊಂದರು. ಯೆರೂಸಲೇಮಿನ ನೆರವಿಗೆಂದು ಹೊರಟ ಈಜಿಪ್ಟಿನ ದೊರೆ ಫರೋಹನ ಸೇನೆ ಮುತ್ತಿಗೆಯನ್ನು ತಡೆಯಲಾಗದೆ ವಾಪಸ್ ಹೋಯಿತು. ಇಷ್ಟೆಲ್ಲ ಅವರ ಕಾಲದಲ್ಲೇ ನಡೆದದ್ದು.

ತಹಪನೇಸಿನಲ್ಲಿ

ಗುಂಪು ಹೊರಟಿತು. ಯೆರೆಮೀಯನನ್ನೂ ಬಾರೂಕನನ್ನೂ ಕರೆದುಕೊಂಡೇ ಹೊರಟಿತು. ಮಾತು ಬೇಡ, ಆದರೆ ಪ್ರವಾದಿ ಜೊತೆಗಿರಲಿ. ಅವರು ಗಡಿಯೂರಾದ ತಹಪನೇಸ್ ತಲುಪಿದರು. ಅದು ನೈಲ್ ಮುಖಜಭೂಮಿಯ ಪೂರ್ವದಲ್ಲಿರುವ ಇವತ್ತಿನ ತೆಲ್ ದೆಫೆನ್ನೆ. 1886ರಲ್ಲಿ ಫ್ಲಿಂಡರ್ಸ್ ಪೆಟ್ರಿ ಅಲ್ಲಿ ಅಗೆದಾಗ ಒಂದು ದೊಡ್ಡ ಕಟ್ಟಡದ ಪಾಳು ಸಿಕ್ಕಿತು. ಸುತ್ತಲಿನ ಜನ ಅದನ್ನು ಯೆಹೂದಿಯ ಮಗಳ ಕೋಟೆ ಎಂದು ಕರೆಯುತ್ತಿದ್ದರು. ಯೆರೆಮೀಯ ಆ ಊರಲ್ಲಿ ಫರೋಹನ ಮನೆಯ ಬಾಗಿಲ ಬಳಿ ದೊಡ್ಡ ಕಲ್ಲುಗಳನ್ನು ಹೂತಿಟ್ಟು, ನೆಬೂಕದ್ನೆಚ್ಚರ ಇದರ ಮೇಲೆ ಸಿಂಹಾಸನ ಹಾಕುತ್ತಾನೆ ಎಂದ. ಅಲ್ಲೂ ಅವನು ಮಾತು ಬದಲಿಸಲಿಲ್ಲ.

ಅವನಿಗೆ ಸಿಕ್ಕ ಕೊನೆಯ ಉತ್ತರ ಗಂಡಸರದ್ದಷ್ಟೇ ಅಲ್ಲ, ಹೆಂಗಸರದ್ದೂ ಹೌದು. ನಿನ್ನ ಮಾತು ಕೇಳುವುದಿಲ್ಲ ಎಂದು ಅವರು ನೇರವಾಗಿ ಹೇಳಿದರು. ಗಗನದ ಒಡತಿ ಎಂಬ ದೇವತೆಗೆ ಧೂಪ ಹಾಕುತ್ತಿದ್ದಾಗ ಹೊಟ್ಟೆತುಂಬ ಊಟ ಇತ್ತು. ನಿಲ್ಲಿಸಿದ ದಿನದಿಂದ ಕತ್ತಿ, ಬರ. ಗಂಡಂದಿರಿಗೆ ತಿಳಿಯದೆ ನಾವೇನು ಮಾಡಿದೆವಾ ಎಂದೂ ಕೇಳಿದರು. ಇದನ್ನು ಸುಮ್ನೆ ಮೂಢನಂಬಿಕೆ ಎಂದು ತಳ್ಳಿಹಾಕಲು ಆಗುವುದಿಲ್ಲ. ಯೋಷೀಯ ಬೇರೆ ದೇವರ ಪೂಜೆ ನಿಲ್ಲಿಸಿದ, ಸ್ವಲ್ಪ ವರ್ಷಕ್ಕೆ ಯುದ್ಧದಲ್ಲಿ ಸತ್ತ. 597ರಲ್ಲಿ ಊರು ಸೋತಿತು, 586ರಲ್ಲಿ ಸುಟ್ಟುಹೋಯಿತು. ಅದೇ ಘಟನೆಗಳು, ಅದೇ ವರ್ಷಗಳು. ಯೆರೆಮೀಯ ಅವನ್ನು ಒಂದು ರೀತಿ ಓದಿದ, ಅವರು ಇನ್ನೊಂದು ರೀತಿ ಓದಿದರು. ಬೇತ್ಲೆಹೇಮಿನ ಬಳಿ ಇದ್ದ ಹಿಂಜರಿಕೆ ಇಲ್ಲಿ ಇರಲಿಲ್ಲ. ಇಲ್ಲಿನ ತಿರಸ್ಕಾರಕ್ಕೆ ಒಂದು ವಾದವೇ ಸಿದ್ಧವಾಗಿತ್ತು.

ಯಾರ ಮಾತು ನಿಲ್ಲುತ್ತದೆ ನೋಡೋಣ ಎಂದ ಯೆರೆಮೀಯ. ಫರೋಹ ಹೊಫ್ರ ತನ್ನ ಶತ್ರುಗಳ ಕೈಗೆ ಸಿಗುವುದೇ ಗುರುತು ಎಂದ. ಕ್ರಿ.ಪೂ. 570ರಲ್ಲಿ ಹೊಫ್ರನ ಸೈನ್ಯವೇ ದಂಗೆ ಎದ್ದು ಅಮಾಸಿಸ್ ಸಿಂಹಾಸನ ಹಿಡಿದ. ನೆಬೂಕದ್ನೆಚ್ಚರ ತನ್ನ 37ನೇ ವರ್ಷದಲ್ಲಿ ಈಜಿಪ್ಟಿನ ಮೇಲೆ ಹೋದ ಎಂದು ಒಡೆದ ಮಣ್ಣಿನ ಫಲಕವೊಂದು ಹೇಳುತ್ತದೆ. ಆದರೆ ದೇಶವನ್ನು ಪೂರ್ತಿ ಗೆದ್ದ ದಾಖಲೆ ಇಲ್ಲ. ಈಜಿಪ್ಟಿನಲ್ಲಿ ಯೆಹೂದಿಗಳು ನಾಶವಾಗಲೂ ಇಲ್ಲ. ಕ್ರಿ.ಪೂ. ಐದನೇ ಶತಮಾನದಲ್ಲಿ ದಕ್ಷಿಣದ ಎಲಿಫಂಟೈನ್ ದ್ವೀಪದಲ್ಲಿ ಅವರದೇ ದೇವಾಲಯ ಇತ್ತು. ಇತ್ತ ಯೆರೂಸಲೇಮಿನ ನಾಡಾದ ಯೆಹೂದದಿಂದ ನೆಬೂಕದ್ನೆಚ್ಚರನ 23ನೇ ವರ್ಷದಲ್ಲಿ, ಅಂದರೆ ಕ್ರಿ.ಪೂ. 582ರ ಹೊತ್ತಿಗೆ, ಇನ್ನೂ 745 ಜನರನ್ನು ಸೆರೆ ಒಯ್ದರು. ಗೆದಲ್ಯನ ಕೊಲೆಗೆ ಇದೇ ಸೇಡು ಎಂದು ಕೆಲವು ವಿದ್ವಾಂಸರು ಹೇಳುತ್ತಾರೆ. ಹಾಗಿದ್ದರೆ ಯೋಹಾನಾನನ ಭಯ ಖಾಲಿ ಭಯ ಆಗಿರಲಿಲ್ಲ. ಯೆರೆಮೀಯನನ್ನು ನಾನು ನಂಬುವುದು ಭವಿಷ್ಯದ ಲೆಕ್ಕ ಪೈಸೆ ಪೈಸೆಗೂ ಸರಿಹೋಯಿತು ಎಂಬ ಕಾರಣಕ್ಕಲ್ಲ. ಜನಕ್ಕೆ ಬೇಕಾದ್ದನ್ನು ಹೇಳಿ ಜೊತೆಗಿರುವುದು ಅವನಿಗೆ ಸುಲಭವಿತ್ತು. ಬೇಡವಾದ್ದನ್ನು ಹೇಳಿ ಮೊದಲೇ ಬಾಬಿಲೋನಿಗೆ ಹೊರಟುಹೋಗುವುದೂ ಸುಲಭವಿತ್ತು. ಅವನು ಎರಡನ್ನೂ ಮಾಡಲಿಲ್ಲ.

ಅರಸುಗಳ ಎರಡನೇ ಪುಸ್ತಕ ಈ ಇಡೀ ಪ್ರಕರಣವನ್ನು ಐದೇ ವಚನಗಳಲ್ಲಿ ಮುಗಿಸುತ್ತದೆ. ಅದರಲ್ಲಿ ಗೆದಲ್ಯ ಇದ್ದಾನೆ, ಇಷ್ಮಾಯೇಲ ಇದ್ದಾನೆ, ಈಜಿಪ್ಟ್ ಇದೆ. ಯೆರೆಮೀಯ ಇಲ್ಲ. ಗೆದಲ್ಯನ ಸಾವಿಗೆ ಏಳನೇ ತಿಂಗಳ ಉಪವಾಸ ಶುರುವಾಯಿತು. ಕ್ರಿ.ಪೂ. 518ರಲ್ಲಿ ಕೆಲವರು ಯೆರೂಸಲೇಮಿಗೆ ಬಂದು, ದೇವಾಲಯ ಸುಟ್ಟ ಐದನೇ ತಿಂಗಳಲ್ಲಿ ಇನ್ನೂ ಅಳುತ್ತಾ ಉಪವಾಸ ಮಾಡಬೇಕಾ ಎಂದು ಕೇಳಿದರು. ಪ್ರವಾದಿ ಜೆಕರ್ಯನ ಉತ್ತರ ಏಳನೇ ತಿಂಗಳ ಉಪವಾಸವನ್ನೂ ಸೇರಿಸಿಕೊಂಡಿತು. ವಿಧವೆ, ಅನಾಥ, ಪರದೇಶಿ, ಬಡವ, ಇವರನ್ನು ಹಿಂಸಿಸಬೇಡಿ ಎಂದು ಹಿಂದಿನ ಪ್ರವಾದಿಗಳು ಹೇಳಿದಾಗ ನಿಮ್ಮ ಹಿರಿಯರು ಕಿವಿ ಮುಚ್ಚಿಕೊಂಡರು ಎಂದು ಅವನು ಮೊದಲು ನೆನಪಿಸಿದ. ಮುಂದೆ ಈ ಉಪವಾಸಗಳೆಲ್ಲ ಹಬ್ಬಗಳಾಗುತ್ತವೆ, ನೀವು ಸತ್ಯವನ್ನೂ ಸಮಾಧಾನವನ್ನೂ ಪ್ರೀತಿಸಿ ಎಂದ. ಯೆಹೂದಿಗಳು ಇವತ್ತಿಗೂ ಹೊಸ ವರ್ಷದ ಎರಡು ದಿನ ಕಳೆದ ಮೇಲೆ, ತಿಶ್ರಿ ತಿಂಗಳ 3ರಂದು, ಗೆದಲ್ಯನ ಹೆಸರಲ್ಲಿ ಉಪವಾಸ ಇರುತ್ತಾರೆ.